ಖಾನಾಪುರದ ತೂಗುಮಣೆ

ತುಮಕೂರಿನಿಂದ ಹೊರಟ ಬಸ್ಸು ಬೆಳಗಾವಿ ಮುಟ್ಟಿದಾಗ ಆಗಲೇ ಬೆಳಕು ಹರಿದಿತ್ತು. ಮಳೆಗಾಲ ಈಗಷ್ಟೇ ಹಿಂದೆ ಸರಿದಿತ್ತು, ಗಾಳಿ ತಣ್ಣಗಿತ್ತು. ನಿಲ್ದಾಣದ ಹೊರಗೆ ನನ್ನ ಗೆಳತಿ ಶೈಲಾ ಸ್ಕೂಟರಿನ ಮೇಲೆ ಕೂತು ಕೈ ಬೀಸುತ್ತಿದ್ದಳು. ಓದುವ ದಿನಗಳಲ್ಲಿ ಹಾಸ್ಟೆಲಿನ ಒಂದೇ ಕೋಣೆಯಲ್ಲಿದ್ದವರು ನಾವು. ಈಗ ಅವಳು ಇಲ್ಲಿ ಸರ್ಕಾರಿ ಕಚೇರಿಯೊಂದರಲ್ಲಿದ್ದಾಳೆ.

ನಾನು ಬಂದ ಕಾರಣದ ಮೇಲೆ ಅವಳಿಗೆ ಇನ್ನೂ ನಂಬಿಕೆ ಬಂದಿರಲಿಲ್ಲ. “ಒಂದು ತೂಗುಮಣಿ ಸಲುವಾಗಿ ಅಲ್ಲಿಂದ ಇಲ್ಲಿತನಕಾ ಬಂದೀಯಾ? ನಿಮ್ಮೂರಾಗ ಸಿಗಂಗಿಲ್ಲೇನು?”

“ಹೊಸದು ಸಿಗುತ್ತೆ ಕಣೇ. ನನಗೆ ಹಳೆಯದೇ ಬೇಕು.”

“ಹಳೇದು ಯಾವ್ದು, ಹೊಸಾದು ಯಾವ್ದು, ಗುರ್ತ ಹಿಡೀಲಿಕ್ಕೆ ಬರ್ತದೇನು ನಿನಗ?”

ಬರುತ್ತಿರಲಿಲ್ಲ. ಹಳೆಯ ವಸ್ತುಗಳ ಬಗ್ಗೆ ಫೋನಿನಲ್ಲಿ ನಾಲ್ಕು ವಿಡಿಯೋ ನೋಡಿದ್ದೆ, ಅಷ್ಟೇ ನನ್ನ ಬಂಡವಾಳ. ಹೊಸ ಮನೆಯ ನಡುಕೋಣೆಯಲ್ಲಿ ನಾಲ್ಕು ಸರಪಳಿಗಳ ಮೇಲೆ ತೂಗುವ ಮಣೆಯೊಂದು ಇರಬೇಕು ಎಂಬುದು ಬಹಳ ದಿನದ ಆಸೆ. ಸಂಜೆ ಅದರ ಮೇಲೆ ಕೂತು ಚಹಾ ಕುಡಿಯುವ ಚಿತ್ರವನ್ನು ಮನಸ್ಸಿನಲ್ಲಿ ಎಷ್ಟು ಸಲ ಬರೆದಿದ್ದೆನೋ.

ಅವಲಕ್ಕಿ ತಿಂದು ಇಬ್ಬರೂ ಪೇಟೆಗೆ ಹೋದೆವು. ಕಿರಿದಾದ ಬೀದಿ, ಸೀರೆ ಅಂಗಡಿಗಳು, ಪಾತ್ರೆ ಅಂಗಡಿಗಳು, ನಡುವೆ ದಾರಿ ಬಿಡದ ಆಟೋಗಳು. ಒಂದು ಹಳೇ ಸಾಮಾನಿನ ಅಂಗಡಿಯೊಳಗೆ ಕಾಲಿಟ್ಟೊಡನೆ ಗೋಡೆಯ ಮೇಲೆ ನೇತುಹಾಕಿದ್ದ ಸರಪಳಿಗಳು ಕಂಡವು. ಕಪ್ಪಡರಿದ ಹಿತ್ತಾಳೆ, ಕೊಂಡಿಗೊಂದು ಗಿಳಿ, ಕೊಂಡಿಗೊಂದು ಆನೆ. ಅವನ್ನು ಎದೆಗವಚಿಕೊಂಡು, “ಇದು ನೂರು ವರ್ಷದ್ದಾದರೂ ಇರುತ್ತೆ!” ಎಂದೆ.

ಮಾಲೀಕರು ಸದಾನಂದ ಎಂಬುವರು. ಅವರು ನನ್ನನ್ನೇ ನೋಡುತ್ತ, “ಬರ್ರಿ, ಕುಂದರ್ರಿ. ಮೊದಲ ನಿಮ್ಮ ಕೈ ನೋಡ್ಕೋರಿ” ಎಂದರು.

ಅಂಗೈಯೆಲ್ಲ ಕರಿ ಬಣ್ಣ. ಸೀರೆಗೂ ಮೆತ್ತಿತ್ತು. ಶೈಲಾ ನಗು ತಡೆಯಲಾರದೆ ಹೊರಗೆ ಓಡಿದಳು.

“ಹೊಸಾದು ರೀ. ಹಳೇದರಂಗ ಕಾಣ್ಲಿ ಅಂತ ಬಣ್ಣ ಹಚ್ಚಿರತಾರ. ಶೋಕಿಗೆ ಒಯ್ತಾರ ಮಂದಿ. ನಿಮಗ ಖರೇನ ಹಳೇದು ಬೇಕಂದ್ರ ಖಾನಾಪುರದಾಗ ನಮ್ಮ ಮಾವಶಿ ಮನ್ಯಾಗ ಒಂದು ತೂಗುಮಣಿ ಐತಿ. ಕೊಡತೇನಿ ಅಂತ ಅಕಿ ಭಾಳ ದಿನದಿಂದ ಅನ್ನಾಕತ್ತಾಳ.”

ಮಾವಶಿ ಎಂದರೆ ತಾಯಿಯ ತಂಗಿ. ಸದಾನಂದರು ಅಲ್ಲೇ ಫೋನ್ ಹಚ್ಚಿ ಮರಾಠಿಯಲ್ಲಿ ಮಾತಾಡಿದರು. ಬೆಲೆಯೂ ಫೋನಿನಲ್ಲೇ ಕುದುರಿತು. ಚೌಕಾಸಿ ಮಾಡಬೇಕೆಂದಿದ್ದ ಶೈಲಾಳ ಆಸೆ ಹಾಗೇ ಉಳಿಯಿತು.

ಮರುದಿನ ಬೆಳಿಗ್ಗೆ ಕೆಂಪು ಬಸ್ಸು ಹತ್ತಿದೆವು. ಮಹಿಳೆಯರಿಗೆ ಟಿಕೆಟ್ ಪುಕ್ಕಟೆ; ಆಧಾರ್ ಕಾರ್ಡು ತೋರಿಸಿ ಕಿಟಕಿ ಪಕ್ಕ ಕೂತೆ. ಪೀರನವಾಡಿ ದಾಟಿದ ಮೇಲೆ ಮನೆಗಳು ವಿರಳವಾಗಿ ಭತ್ತದ ಗದ್ದೆಗಳು ಶುರುವಾದವು. ಒಂದು ತಾಸಿನೊಳಗೆ ಖಾನಾಪುರ. ನಿಲ್ದಾಣದ ಅಂಗಡಿ ಫಲಕಗಳಲ್ಲಿ ಕನ್ನಡ, ಮರಾಠಿ ಎರಡೂ ಇದ್ದವು. ಮಾತೂ ಹಾಗೆಯೇ, ಒಂದರಲ್ಲಿ ಶುರುವಾಗಿ ಇನ್ನೊಂದರಲ್ಲಿ ಮುಗಿಯುತ್ತಿತ್ತು.

ಸದಾನಂದರ ಮಾವಶಿ ಯಮುನಾಬಾಯಿಯ ಮನೆ ಹೆಂಚಿನದು, ಓಣಿಯ ಕೊನೆಯಲ್ಲಿತ್ತು. ಎಪ್ಪತ್ತು ದಾಟಿದ, ತೆಳ್ಳನೆಯ, ಚುರುಕು ಕಣ್ಣಿನ ಹೆಂಗಸು. ನಡುಮನೆಯ ತುಂಬ ತೂಗುಮಣೆ. ಅದರ ಮೇಲೆ ಒಗೆದ ಬಟ್ಟೆಯ ಗುಡ್ಡೆ. ಅವರು ಬಟ್ಟೆ ಎತ್ತಿದಾಗ ಸಾಗುವಾನಿಯ ಒಂದೇ ಹಲಗೆ ಕಂಡಿತು. ಮುಂದಿನ ಅಂಚು ಕೈಯಾಡಿ ಆಡಿ ಬೆಣ್ಣೆಯಂತೆ ನುಣುಪಾಗಿತ್ತು. ಹಿಂದಿನ ದಿನದ ಪಾಠ ನೆನೆದು ಸರಪಳಿಯನ್ನು ಗಟ್ಟಿಯಾಗಿ ಉಜ್ಜಿದೆ. ಕೈಗೆ ಏನೂ ಹತ್ತಲಿಲ್ಲ. ಕೊಂಡಿಗೆ ಕೊಂಡಿ ತಾಗುವ ಜಾಗ ಮಾತ್ರ ಸವೆದು ತೆಳ್ಳಗಾಗಿತ್ತು. ಇದು ನಿಜವಾಗಿ ಹಳೆಯದೇ.

ಆದರೆ ಕೇಳದೆ ಇರಲಾಗಲಿಲ್ಲ. “ಎಷ್ಟು ವರ್ಷ ಕೂತು ತೂಗಿದ್ದೀರಿ ಅಮ್ಮಾ ಇದರ ಮೇಲೆ? ಕೊಡೋಕೆ ಸಂಕಟ ಆಗಲ್ವಾ?”

ಯಮುನಾಬಾಯಿ ನನ್ನನ್ನು ವಿಚಿತ್ರವಾಗಿ ನೋಡಿದರು. “ನಾನ? ನಾ ಎಂದೂ ಕುಂತಿಲ್ಲವಾ. ಇದು ನಮ್ಮ ಅತ್ತಿದು. ಅಕಿ ಇದರ ಮ್ಯಾಲೆ ಕುಂತು ಹುಕುಂ ಮಾಡಾಕಿ, ನಾ ಸುತ್ತ ಓಡ್ಯಾಡಿ ಕೆಲಸ ಮಾಡಾಕಿ. ಸ್ವಸಿ ಕುಂದರೂದು ಆಗಿನ ಕಾಲಕ್ಕ ಎಲ್ಲಿದು?”

“ಅವರು ಹೋದ ಮೇಲಾದ್ರೂ?” ಎಂದಳು ಶೈಲಾ.

“ಅಕಿ ಹೋಗಿ ಭಾಳ ವರ್ಷ ಆತು. ಕುಂದರಬೇಕು ಅಂತ ಬರತೇನಿ, ಅಡಗಿ ಮನ್ಯಾಗಿಂದ ಯಾರೋ ಕರದಂಗ ಆಕ್ಕೈತಿ. ಅದಕ್ಕ ಇದರ ಮ್ಯಾಲೆ ಒಗದ ಅರಬಿ ಇಡತೇನಿ.”

ನನ್ನ ಉತ್ಸಾಹ ಜರ್ರನೆ ಇಳಿಯಿತು. ನಾನು ಮನಸ್ಸಿನಲ್ಲಿ ಬರೆದುಕೊಂಡಿದ್ದ ಚಿತ್ರದಲ್ಲಿ ಸುತ್ತ ಓಡಾಡುವ ಈ ಹೆಂಗಸು ಇರಲಿಲ್ಲ. ತೆಗೆದುಕೊಳ್ಳಲೋ ಬೇಡವೋ ಎಂದು ನಿಂತೆ. ಅವರಿಗೆ ಅದು ಗೊತ್ತಾಯಿತು.

“ಯಾಕ ಸುಮ್ಮನಾದಿ? ಕಟಿಗಿ ಏನ ಪಾಪ ಮಾಡೈತಿ? ಒಯ್ಯಿ. ನಿಮ್ಮ ಮನ್ಯಾಗ ಎಲ್ಲಾರೂ ಕುಂದರ್ರಿ.”

“ಒಯ್ತೀನಿ. ಆದರೆ ಮೊದಲು ನೀವು ಕೂರಬೇಕು. ಇಲ್ಲದಿದ್ದರೆ ನನಗೆ ಬೇಡ.”

“ಏ, ಹುಚ್ಚಿ! ಈ ವಯಸ್ಸಿನ್ಯಾಗ?”

ನಾನು ಜಗ್ಗಲಿಲ್ಲ. ಅವರು ಅಡುಗೆಮನೆಯತ್ತ ಒಮ್ಮೆ, ಗೋಡೆಯ ಮೇಲಿದ್ದ ಅತ್ತೆಯ ಫೋಟೋದತ್ತ ಒಮ್ಮೆ ನೋಡಿದರು. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಅಂಚಿಗೆ ಕೂತರು. “ಹಿಂದಕ್ಕ ಸರೀರಿ, ಆಯಿ” ಎಂದು ಶೈಲಾ ಅವರನ್ನು ನಡುವಿಗೆ ಸರಿಸಿದಳು. ನಾನು ಮೆಲ್ಲಗೆ ತೂಗಿದೆ.

ಮೊದಲು ಸರಪಳಿಯನ್ನು ಎರಡೂ ಕೈಯಿಂದ ಬಿಗಿದು ಹಿಡಿದು, ಕಣ್ಣು ಮುಚ್ಚಿಯೇ ಇದ್ದರು. ಎರಡು ಸಲ, ಮೂರು ಸಲ. ನಂತರ ಅವರ ಕಾಲುಗಳು ನೆಲ ಬಿಟ್ಟು ಮುಂದಕ್ಕೆ ಚಾಚಿಕೊಂಡವು. “ಇನ್ನೂ ಜೋರ ನೂಕವಾ!” ಎಂದರು. ನೂಕಿದೆ. ಆಗ ಅವರು ನಕ್ಕ ನಗು ಬಾಗಿಲು ದಾಟಿ ಓಣಿಗೆ ಕೇಳಿಸಿತು.

ಪಕ್ಕದ ಮನೆಯ ಇಬ್ಬರು ಹೆಂಗಸರು ಏನಾಯಿತೆಂದು ಓಡಿ ಬಂದರು. ತೂಗುಮಣೆ ಊರು ಬಿಡುತ್ತದೆಂದು ತಿಳಿದದ್ದೇ ತಡ, “ನಾವೂ ಒಂದ ಸಲ!” ಎಂದರು. ಅವರ ಹಿಂದೆ ಮತ್ತಷ್ಟು ಮಂದಿ. ಯಮುನಾಬಾಯಿ ಮಾತ್ರ ಜಾಗ ಬಿಟ್ಟುಕೊಡಲಿಲ್ಲ. “ಬಾಜೂಕ ಕುಂದರ್ರಿ, ನಾ ಇಳ್ಯಂಗಿಲ್ಲ” ಎಂದು ಜರುಗಿ ಕೂತರು. ಹೀಗೆ ಬಂದವರೆಲ್ಲ ಸರದಿಯಂತೆ ಅವರ ಪಕ್ಕ ಕೂತು ತೂಗಿದರು. ಕೊನೆಗೆ ನಾನೂ, ಶೈಲಾಳೂ. ಒಬ್ಬಾಕೆ ಮರಾಠಿ ಹಾಡು ಹೇಳಿದರೆ ಇನ್ನೊಬ್ಬಾಕೆ ಕನ್ನಡದ್ದು ಎತ್ತಿದಳು. ಚಹಾ ಮಾಡಿದವರು ನೆರೆಯವರು. ಯಮುನಾಬಾಯಿ ತೂಗುಮಣೆಯ ಮೇಲೆ ಕೂತೇ ಕುಡಿದರು.

ಮಧ್ಯಾಹ್ನ ಸದಾನಂದರು ಕಳಿಸಿದ ಸಣ್ಣ ಟೆಂಪೋ ಬಂತು. ನಾಲ್ಕು ಮಂದಿ ಸೇರಿ ಸರಪಳಿ ಬಿಚ್ಚಿ, ಹಲಗೆಯನ್ನು ಹಳೆ ಕೌದಿಯಲ್ಲಿ ಸುತ್ತಿ ಏರಿಸಿದರು. ಕಾಲಿಗೆರಗಲು ಬಗ್ಗಿದಾಗ ಯಮುನಾಬಾಯಿ ನನ್ನ ಬೆನ್ನ ಮೇಲೆ ಗುದ್ದಿ, “ಹೋಗಿ ಬಾರವಾ” ಎಂದು ಒಳಗೆ ಹೋಗಿಬಿಟ್ಟರು. ಅಳುತ್ತಿದ್ದಾರೇನೋ ಎಂದು ನನಗೆ ಅಳುಕಾಯಿತು.

ನಾವಿಬ್ಬರೂ ಚಾಲಕನ ಪಕ್ಕ ಒತ್ತಿಕೊಂಡು ಕೂತೆವು. ಟೆಂಪೋ ತಿರುಗಿಸಿಕೊಳ್ಳುವಾಗ ತೆರೆದ ಬಾಗಿಲಿನಿಂದ ನಡುಮನೆ ಪೂರ್ತಿ ಕಂಡಿತು. ಖಾಲಿಯಾದ ಆ ಜಾಗದ ನಟ್ಟನಡುವೆ ಚಾಪೆ ಹಾಸಿ, ತೋಳನ್ನೇ ದಿಂಬು ಮಾಡಿಕೊಂಡು, ಹಾಡುಹಗಲಲ್ಲಿ ಯಮುನಾಬಾಯಿ ಅಂಗಾತ ಮಲಗಿದ್ದರು. ನಾನು ಕಿಟಕಿಯಿಂದ ಕೈ ಬೀಸಿದೆ. ಅವರು ಏಳಲಿಲ್ಲ. ಮಲಗಿದಲ್ಲಿಂದಲೇ ಒಂದು ಕಾಲೆತ್ತಿ ಪಾದ ಅಲ್ಲಾಡಿಸಿದರು.