ಶಂಕರನ ಗಿಡ

ಆಯಿಯ ಎರಡೂ ಮೊಣಕಾಲಿಗೆ ಹಳೇ ಸೀರೆಯ ಅಂಚು ಬಿಗಿದಿರುತ್ತಿತ್ತು. ಏಳುವಾಗ ತಮ್ಮ ದೇವರು ಶಂಕರನನ್ನು ಕರೆಯುವರು, ಕೂರುವಾಗ ಅವನನ್ನೇ ಬೈಯುವರು. ಮಹಾರಾಷ್ಟ್ರದ ಸಿನ್ನರಿನಲ್ಲಿ ನಮ್ಮ ಬಾಡಿಗೆ ಮನೆಯ ಪಕ್ಕದ ಸೈಟಿನಲ್ಲಿ ವಿಜಯಪುರ ಕಡೆಯ ಕೂಲಿಯವರ ತಗಡಿನ ಶೆಡ್ಡುಗಳಿದ್ದವು. ತಾಯಂದಿರು ಇಟ್ಟಿಗೆ ಹೊರಲು ಹೋದಾಗ ಮಕ್ಕಳನ್ನು ಅಲ್ಲೇ ಒಂದು ಶೆಡ್ಡಿನಲ್ಲಿದ್ದ ಈ ಮುದುಕಿ ಆಯಿ ನೋಡಿಕೊಳ್ಳುತ್ತಿದ್ದರು. ನಾನು ಬ್ಯಾಂಕಿನಿಂದ ಬರುವವರೆಗೆ ನನ್ನ ಮಗಳನ್ನೂ.

ನನ್ನ ತಲೆ ಕೆಡಿಸಿದ್ದು ಶೆಡ್ಡಿನ ಮಗ್ಗುಲಿನ ದತ್ತೂರಿ ಗಿಡ. ಎಲೆಯಿಂದ ಬೀಜದವರೆಗೆ ವಿಷ. ಅದರ ಮುಂದೆಯೇ ಮಕ್ಕಳ ಆಟ. ಶ್ರಾವಣ ಸೋಮವಾರದ ಪೂಜೆಗೆ ಹೂವು ಬೇಕೆಂದು ಆಯಿ ಅದನ್ನು ಸಾಕಿದ್ದರು. ದಿನಾ ಬೆಳಿಗ್ಗೆ ಮಕ್ಕಳನ್ನು ಸಾಲಾಗಿ ನಿಲ್ಲಿಸಿ, "ಗಿಡಾ ಯಾರದು?" ಎನ್ನುವರು.

"ಶಂಕರಂದು!"

"ಮತ್ತ ನಾವು?"

"ಮುಟ್ಟಂಗಿಲ್ಲ!"

ನನ್ನ ಮಗಳು ಮಾತ್ರ ತುಟಿ ಬಿಚ್ಚುತ್ತಿರಲಿಲ್ಲ. ಅವಳಿಗೆ ಕನ್ನಡ ಅರ್ಥವಾಗುತ್ತಿತ್ತು, ಉತ್ತರವೆಲ್ಲ ಮರಾಠಿಯಲ್ಲೇ.

"ವಿಷ ಅಂತ ನೆಟ್ಟಗ ಹೇಳ್ರಿ ಆಯಿ," ಎಂದೆ.

"ವಿಷ ಅಂದ್ರ ರುಚಿ ನೋಡ್ತಾವ್ರೀ ಬಾಯಾರ. ದೇವರದು ಅಂದ್ರ ದೂರ ಸರೀತಾವು."

ಇಂಥವರಿಗೆ ಏನು ಹೇಳುವುದು? ಗೋಗರೆದು ಗೋಗರೆದು ಸಾಕಾಗಿ, ಬೇಸಿಗೆಯ ಒಂದು ಭಾನುವಾರ ಆಯಿ ಸಂತೆಗೆ ಹೋದಾಗ ನಾನೇ ಗಿಡ ಕಿತ್ತೆ. ಅಂಗಳದುದ್ದಕ್ಕೂ ಎಳೆದೊಯ್ದು ಗೋಡೆಯಾಚೆ ಎಸೆದೆ. ಒಣಗಿದ ಮುಳ್ಳುಕಾಯಿಗಳು ದಾರಿಯಲ್ಲೆಲ್ಲ ಒಡೆದು ಬೀಜ ಚೆಲ್ಲಿದ್ದು ಸಿಟ್ಟಿನಲ್ಲಿ ಕಾಣಲೇ ಇಲ್ಲ.

ಆಯಿ ಬಂದು ಗುಂಡಿ ನೋಡಿದರು, ನನ್ನ ಕೈ ನೋಡಿದರು. "ಮೊದ್ಲ ಕೈ ತೊಳಕೋರಿ," ಎಂದರು. ಅಷ್ಟೇ.

ಮಳೆ ಶುರುವಾಯಿತು. ಒಂದು ಗಿಡವಿದ್ದಲ್ಲಿ ಅಂಗಳದ ತುಂಬ ಸಸಿ. ಮಕ್ಕಳು ಏಳುವ ಮುಂಚೆ ಆಯಿ ಆ ಮೊಣಕಾಲುಗಳನ್ನು ಊರಿ ಒಂದೊಂದನ್ನೇ ಕೀಳುತ್ತಿದ್ದರು. ನಾನೂ ಪಕ್ಕದಲ್ಲಿ ಕೂತೆ, ನನ್ನ ಮೇಲೆ ನನಗೇ ಸಿಟ್ಟು. ಒಂದು ಸಲವಾದರೂ ಬೈದಿದ್ದರೆ ಮನಸ್ಸು ಹಗುರಾಗುತ್ತಿತ್ತು. ಆ ಪುಣ್ಯಾತ್ಮೆ ಎಂದಿನಂತೆ ಶಂಕರನನ್ನಷ್ಟೇ ಬೈದರು.

ಹೋದ ಚಳಿಗಾಲದಲ್ಲಿ ಆಯಿ ಅದೇ ಶೆಡ್ಡಿನಲ್ಲಿ ತೀರಿಕೊಂಡರು. ತಪ್ಪಾಯಿತೆಂದು ನಾನು ಬಾಯಿಬಿಟ್ಟು ಹೇಳಲೇ ಇಲ್ಲ.

ಈ ಮಳೆಗೂ ಸಸಿಗಳು ಎದ್ದವು. ಕೀಳುತ್ತ ಕೂತಿದ್ದೆ. ನನ್ನ ಕಣ್ಣು ತಪ್ಪಿಸಿ ಗೋಡೆಯ ಬುಡದಲ್ಲಿ ಬೆಳೆದ ಒಂದು ಗಿಡದಲ್ಲಿ ಬಿಳಿ ಹೂವು ಬಿಟ್ಟಿತ್ತು. ಶೆಡ್ಡಿಗೆ ಹೊಸದಾಗಿ ಬಂದವರ ಪುಟ್ಟ ಹುಡುಗಿ ಅದಕ್ಕೆ ಕೈ ಚಾಚಿದಳು.

"ವಿಷ! ವಿಷ!" ಎಂದು ಕಿರುಚಿದೆ. ಅವಳು ನಕ್ಕು, ಇನ್ನಷ್ಟು ಮುಂದೆ ಬಾಗಿದಳು.

ಹಿಂದಿನಿಂದ ನನ್ನ ಮಗಳು ಹೇಳಿದಳು, "ಅದು ಶಂಕರಂದೈತಿ. ಮುಟ್ಟಂಗಿಲ್ಲ."

ಹುಡುಗಿ ಕೈ ಹಿಂದೆಳೆದುಕೊಂಡಳು.