ಶಾಲು ಹೊದಿಸಿಕೊಂಡ ಕಂಟ್ರಾಕ್ಟರು

ಮನೆ ಕಟ್ಟಿದವನು ಕೈ ಕೊಟ್ಟರೆ ಕಾನೂನಿನಲ್ಲಿ ಏನು ದಾರಿ ಎಂದು ಈಗ ನೆಂಟರೆಲ್ಲ ನನ್ನನ್ನೇ ಕೇಳಲು ಬರುತ್ತಾರೆ. ಮಿಡ್ಲ್ ಸ್ಕೂಲು ಬಿಟ್ಟು ಯಶವಂತಪುರದ ಲೇತ್ ಶೆಡ್ಡು ಸೇರಿದವನು ನಾನು. ಕಾನೂನನ್ನು ಓದಿ ಕಲಿಯಲಿಲ್ಲ, ಸೋರುವ ತಾರಸಿಯ ಕೆಳಗೆ ಕೂತು ಕಲಿತೆ.

ಅರವತ್ತರ ದಶಕದ ಮೊದಲ ವರ್ಷಗಳು. ದುಡಿದ ದುಡ್ಡಿನಲ್ಲೇ ಸೈಟು ಕೊಂಡು, ಛಾಪಾ ಕಾಗದದ ಮೇಲೆ ಕರಾರು ಬರೆಸಿ, ಒಬ್ಬ ಕಂಟ್ರಾಕ್ಟರನಿಗೆ ಕೆಲಸ ಒಪ್ಪಿಸಿದೆ. ಯುಗಾದಿಗೆ ಮುಗಿಸುತ್ತೇನೆ ಎಂದಿದ್ದ. ಆಮೇಲೆ ಸುಣ್ಣ ಬಂದಿಲ್ಲ, ಆಳುಗಳು ಊರಿಗೆ ಹೋಗಿದ್ದಾರೆ, ಭಾವಮೈದುನನ ಮದುವೆ. ನೆಪ ಹೇಳುವುದರಲ್ಲಿ ಮಾತ್ರ ಅವನು ಎಂದೂ ತಡಮಾಡಿದವನಲ್ಲ. ಅಷ್ಟರಲ್ಲಿ ರಾಜಾನುಕುಂಟೆಯ ತವರಿನಲ್ಲಿ ಹೆಂಡತಿಯ ಬಾಣಂತನ ಮುಗಿಯುತ್ತ ಬಂದಿತ್ತು. ಮಗ ಬಾಡಿಗೆ ಮನೆಗಲ್ಲ, ಸ್ವಂತ ಮನೆಗೇ ಬರಬೇಕೆಂಬುದು ನನ್ನ ಹಟ.

ಆ ಹಟ ಅವನಿಗೆ ಗೊತ್ತಿತ್ತು. "ಅಣ್ಣಾ, ಆಷಾಢ ಬಂದ್ಬಿಡುತ್ತೆ, ಈಗ್ಲೇ ಹಾಲುಕ್ಕಿಸಿಬಿಡಿ. ತಾರಸಿಗೆ ಒಂದ್ ಕೈ ಗಾರೆ ಬಾಕಿ ಅಷ್ಟೇ, ಆಮೇಲೆ ಮಾಡ್ಕೊಡ್ತೀನಿ" ಎಂದ. ಹೂಂ ಎಂದೆ. ಗೃಹಪ್ರವೇಶದ ದಿನ ಮನೆ ಕಟ್ಟಿದವನನ್ನು ಕೂರಿಸಿ ಶಾಲು ಹೊದಿಸಿ ತಾಂಬೂಲ ಕೊಡುವುದು ನಮ್ಮಲ್ಲಿ ರೂಢಿ. ಕೊಟ್ಟೆ. ಫೋಟೋದವನನ್ನು ಅವನೇ ಕರೆಸಿದ್ದ. ಎಂಥ ದೊಡ್ಡ ಮನಸ್ಸು ಎಂದುಕೊಂಡೆ!

ಆಷಾಢದ ಮೊದಲ ಜಡಿಮಳೆಗೇ ನೀರು ನೇರವಾಗಿ ತೊಟ್ಟಿಲಿಗೆ ಇಳಿಯಿತು. ಮಗುವಿಗೆ ಕೆಮ್ಮು ಹತ್ತಿತು. ಮಾವ ಬಂದು ಮಗಳನ್ನೂ ಮೊಮ್ಮಗನನ್ನೂ ಗಾಡಿ ಹತ್ತಿಸಿದರು. "ಸೋರದು ನಿಂತ್ಮೇಲೆ ಏಳ್ಕಳ್ಸಪ್ಪ, ನಾನೇ ಕರ್ಕೊಂಡ್ ಬತ್ತೀನಿ. ಈ ಜರಡಿ ಕೆಳ್ಗೆ ಕೂಸು ಮಲಗ್ಸಕ್ಕಾಯ್ತದಾ?"

ಕಂಟ್ರಾಕ್ಟರನನ್ನು ಹೆಬ್ಬಾಳದ ಇನ್ನೊಂದು ಕೆಲಸದಲ್ಲಿ ಹಿಡಿದೆ. "ಮಳೆ ದೇವರದ್ದು ಗುರುವೇ, ನಾನೇನ್ ಮಾಡ್ಲಿ?" ಎಂದ. ದೇವರ ಮೇಲೆ ದಾವೆ ಹೂಡಲಾಗದೆ ವಕೀಲರ ಹತ್ತಿರ ಹೋದೆ.

ಮೊದಲು ನೋಟಿಸು, ಬಗ್ಗದಿದ್ದರೆ ದಾವೆ, ನಡುವೆ ಯಾವಾಗ ಬೇಕಾದರೂ ರಾಜಿ ಎಂದು ವಕೀಲರು ದಾರಿ ತೋರಿಸಿದರು. ಅಷ್ಟರೊಳಗೆ ತಾರಸಿಯನ್ನು ನಾನೇ ಸರಿಮಾಡಿಸಿಕೊಳ್ಳುತ್ತೇನೆ ಎಂದರೆ ಹೌಹಾರಿದರು.

"ಮುಟ್ಟೀರಿ ಜೋಕೆ! ಸೋರೋದೇ ನಿಮ್ ಸಾಕ್ಷಿ ಕಣ್ರೀ."

ಮನೆ ಸರಿಮಾಡಿಸಲು ಮನೆಯನ್ನು ಸೋರಿಸಿಕೊಂಡೇ ಇರಬೇಕು. ಇದನ್ನು ಕಂಡುಹಿಡಿಯಲು ಅಷ್ಟೊಂದು ಜನ ಕರಿಕೋಟು ಹಾಕಿಕೊಂಡು ಅಷ್ಟೊಂದು ಓದಿದ್ದಾರೆ.

ಮುನ್ಸಿಫ್ ಕೋರ್ಟಿನಲ್ಲಿ ಎದುರು ವಕೀಲರು ಶಾಲಿನ ಫೋಟೋ ಎತ್ತಿ ಹಿಡಿದರು. "ಕೆಲಸ ಒಪ್ಪಿ ಸನ್ಮಾನ ಮಾಡಿದವರು ನೀವೇ ಅಲ್ವೇನ್ರೀ?"

"ಸ್ವಾಮಿ, ಮದುವೆ ದಿನ ಬೀಗರಿಗೂ ಹಾರ ಹಾಕ್ತೀವಿ. ಮಾರನೇ ದಿನ ಜಗಳ ಆಡಲ್ವಾ?"

ಕೋರ್ಟೆಲ್ಲ ನಕ್ಕಿತು. ಮುನ್ಸಿಫರು ನಗು ನುಂಗಿಕೊಂಡು, ಮನೆ ನೋಡಿ ವರದಿ ಕೊಡಲು ಒಬ್ಬ ಎಳೆಯ ವಕೀಲನನ್ನು ಕಮಿಷನರ್ ಆಗಿ ನೇಮಿಸಿದರು. ವಾಯಿದೆಯ ಮೇಲೆ ವಾಯಿದೆ ಬಿದ್ದು ಆ ಮಹಾಶಯ ಬಂದದ್ದು ಸುಡುಬೇಸಿಗೆಯ ಮಧ್ಯಾಹ್ನ. ಮೇಲೆ ನೋಡಿ, "ಕಲೆ ಇದೆ, ಸೋರ್ತಾ ಇಲ್ವಲ್ಲ" ಎಂದ. ಕಣ್ಣು ಎಷ್ಟು ಚುರುಕು!

ನಮ್ಮ ವಕೀಲರು ಮತ್ತೆ ಅರ್ಜಿ ಹಾಕಿದರು. ಈ ಸಲ ಅವನು ಮಳೆಯಲ್ಲೇ ಬಂದ. ಹೊಸ್ತಿಲಲ್ಲಿ ಮಡಚಿದ ಕೊಡೆಯನ್ನು ನಡುಮನೆಯಲ್ಲಿ ಮತ್ತೆ ಬಿಚ್ಚಿ, ಅದರಡಿ ನಿಂತೇ ವರದಿ ಬರೆದುಕೊಂಡ.

ವರದಿ ಕೋರ್ಟು ಸೇರಿದ ಮೇಲೆ ಕಂಟ್ರಾಕ್ಟರನಿಗೆ ನಮ್ಮ ಮನೆಯ ದಾರಿ ನೆನಪಾಯಿತು. "ನಮ್ ನಮ್ಮಲ್ಲಿ ಕೋರ್ಟು ಯಾಕಣ್ಣಾ?" ಎಂದು ಹಲ್ಲು ಕಿರಿದ.

"ಆ ಮಾತು ಮುನ್ಸಿಫರ ಮುಂದೇನೇ ಆಡು" ಎಂದೆ. ಬಾಯಿಮಾತಿನ ರಾಜಿಗೆ ನಾನು ಒಪ್ಪಲಿಲ್ಲ. ಕೋರ್ಟಿನಲ್ಲೇ ಬರೆಸಿ ಡಿಕ್ರಿ ಮಾಡಿಸಿದೆ. ನನಗೆ ಗೊತ್ತಿರುವ ಕಾನೂನು ಇಷ್ಟೇ, ನೆಂಟರಿಗೂ ಇದನ್ನೇ ಹೇಳುತ್ತೇನೆ. ಡಿಕ್ರಿ ಆದ ಮೇಲೆ ಅವನು ಹಳೆಯ ಗಾರೆ ಕಿತ್ತು ತಾರಸಿ ಹೊಸದಾಗಿ ಹಾಕಿಕೊಟ್ಟ. ಒಂದು ಮಳೆಗಾಲ ಕಾದು ನೋಡಿ ಮಾವನಿಗೆ ಹೇಳಿ ಕಳಿಸಿದೆ.

ಹೆಂಡತಿ ಗಂಟುಮೂಟೆ ಹೊತ್ತು ನೇರ ಅಡಿಗೆಮನೆಗೆ ನಡೆದಳು. ಮಾವ ಮೊಮ್ಮಗನನ್ನು ಸೊಂಟದಿಂದ ಇಳಿಸಿದರು. ಹುಡುಗ ಮನೆಯೆಲ್ಲ ಓಡಾಡಿ, ನನ್ನನ್ನು ಕಂಡದ್ದೇ ತಾತನ ಪಂಚೆಯ ಹಿಂದೆ ಬಚ್ಚಿಟ್ಟುಕೊಂಡ.

"ತಾತಾ, ಯಾರು?"

"ನಿಮ್ಮಪ್ಪ ಕಣ್ಲಾ" ಎಂದರು ಮಾವ. "ಕೋರ್ಟ್ಗೋಗಿದ್ದ. ಈಗ್ ಬಂದವ್ನೆ."