ಐದು ಚುಕ್ಕಿ ಇಟ್ಟವರು ಯಾರು?

ಎರಡು ವಾರದ ಹಿಂದೆ, ಸೋಮವಾರ ಬೆಳಗ್ಗೆ ಏಳೂಕಾಲಿಗೆ, ಎದುರುಮನೆಯ ಶಾಂತವ್ವ ನನಗೆ "ಹೋಗಿ ಬರ್ರಿ ಟೀಚರ್" ಅಂದಳು. ನನ್ನ ಎದೆ ಧಸಕ್ಕೆಂದಿತು.

ಇದರಲ್ಲಿ ಹೆದರುವಂಥದ್ದೇನಿದೆ ಅಂತ ಕೇಳುತ್ತೀರಿ. ನಿಮಗೆ ಶಾಂತವ್ವ ಗೊತ್ತಿಲ್ಲ, ಅದಕ್ಕೇ ಕೇಳುತ್ತೀರಿ.

ಬೆಟಗೇರಿಯ ನಮ್ಮ ಓಣಿಯಲ್ಲಿ ಆಕೆಯ ಮಗ ಮನೆಯೊಳಗೆ ಮಗ್ಗದ ಮೇಲೆ ಸೀರೆ ನೇಯುತ್ತಾನೆ. ಆಕೆ ಹೊರಗೆ ಕಟ್ಟೆಯ ಮೇಲೆ ರಾಟಿ ಇಟ್ಟುಕೊಂಡು ಅವನಿಗೆ ಬೇಕಾದ ನೂಲನ್ನು ಕಂಡಿಕೆಗೆ ಸುತ್ತುತ್ತಾಳೆ. ವಯಸ್ಸು ಎಪ್ಪತ್ತು ದಾಟಿದೆ. ಕೈ ರಾಟಿಯ ಮೇಲೆ, ಕಣ್ಣು ಓಣಿಯ ಮೇಲೆ, ಬಾಯಿ ಎಲ್ಲರ ಮೇಲೆ. ನಾನು ಲಕ್ಷ್ಮೇಶ್ವರದ ಹೈಸ್ಕೂಲಿನಲ್ಲಿ ಕನ್ನಡ ಟೀಚರ್. ದಿನಾ ಬೆಳಗ್ಗೆ ಬಸ್ಸಿಗೆ ಓಡುವಾಗ ಆಕೆಯ ಕಟ್ಟೆ ದಾಟಿಯೇ ಹೋಗಬೇಕು. ಹದಿನೆಂಟು ವರ್ಷದಿಂದ ಆಕೆ ನನ್ನನ್ನು ಬೈದೇ ಕಳಿಸಿದ್ದಾಳೆ. ಅದೂ ಎಂಥ ಬೈಗುಳ! ಕೇಳಿದ ಹೊಸಬರು ಕಿವಿ ಮುಚ್ಚಿಕೊಳ್ಳಬೇಕು. ಹೊಸ ಸೀರೆ ಉಟ್ಟ ದಿನವಂತೂ ಎರಡು ಪದ ಹೆಚ್ಚಿಗೇ ಬೀಳುತ್ತವೆ.

ನಮ್ಮ ಕಡೆಯ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 'ಚಂದ ಕಾಣ್ತಿ' ಅಂದರೆ ದೃಷ್ಟಿ ತಾಗುತ್ತದೆ. ಬೈದರೆ ತಾಗುವುದಿಲ್ಲ. ಕೂಸಿಗೆ ಕಪ್ಪು ಬೊಟ್ಟು ಇಟ್ಟ ಹಾಗೆ, ಬೆಳೆದವರಿಗೆ ಒಂದು ಬೈಗುಳ. ನಾನು ಹೆತ್ತವರಿಲ್ಲದ ಒಂಟಿ ಹೆಂಗಸು. ಆ ಬೊಟ್ಟು ಇಟ್ಟುಕೊಂಡೇ ಬಸ್ಸು ಹತ್ತುತ್ತಿದ್ದೆ.

ಈಗ ಇದ್ದಕ್ಕಿದ್ದ ಹಾಗೆ 'ಬರ್ರಿ'. ಮೇಲೆ 'ಟೀಚರ್' ಬೇರೆ!

ಬಸ್ಸು ಮಲ್ಲಸಮುದ್ರ ದಾಟಿದರೂ ನನ್ನ ತಲೆಯಲ್ಲಿ ಅದೇ. ಏನು ತಪ್ಪು ಮಾಡಿದೆ? ನಳ ಬಂದ ದಿನ ಸರದಿ ತಪ್ಪಿಸಿ ಕೊಡ ಇಟ್ಟೆನೇ? ಇಲ್ಲ. ಆಕೆಯ ಸೊಸೆ ರೇಣುಕಾಳ ಹತ್ತಿರ ಏನಾದರೂ ಅಂದೆನೇ? ಇಲ್ಲವಲ್ಲ. ಶಿರಹಟ್ಟಿ ಬರುವ ಹೊತ್ತಿಗೆ ಹೊಳೆಯಿತು. ಹಿಂದಿನ ದಿನ, ಭಾನುವಾರ, ಇದೇ ಪತ್ರಿಕೆಯ ಪುರವಣಿಯಲ್ಲಿ ನನ್ನ ಕಥೆ ಬಂದಿತ್ತು. ರೇಣುಕಾ ಭಾನುವಾರ ಅತ್ತೆಗೆ ಪೇಪರ್ ಓದಿ ಹೇಳುತ್ತಾಳೆ. ಶಾಂತವ್ವನಿಗೆ ಓದಲು ಬರುವುದಿಲ್ಲ. ರಾಟಿ ತಿರುಗಿಸುವಾಗ ಕೈಗೆ ಕೆಲಸ, ಕಿವಿಗೆ ಬಿಡುವು.

ಕಥೆ ಏನೆಂದು ಹೇಳಿಬಿಡುತ್ತೇನೆ. ರಾಟಿ ತಿರುಗಿಸುವ ಒಬ್ಬ ಮುದುಕಿ. ದಿನಾ ಬಸ್ಸಿಗೆ ಓಡುವ ಒಬ್ಬ ಹುಡುಗಿ. ಮುದುಕಿ ದಿನಾ ಬೈಯುತ್ತಾಳೆ. ಒಂದು ದಿನ ಹುಡುಗಿಯ ಮದುವೆ ಮುರಿದು ಬೀಳುತ್ತದೆ. ಮರುದಿನ ಆಕೆ ಓಣಿಯಲ್ಲಿ ನಡೆದರೆ ಯಾರೂ ಮುಖ ಕೊಡುವುದಿಲ್ಲ, ಬಾಗಿಲು ಅರ್ಧ ಮುಚ್ಚಿಕೊಂಡು ನೋಡುತ್ತಾರೆ. ಮುದುಕಿ ಒಬ್ಬಳೇ ಎಂದಿನಂತೆ ಗಟ್ಟಿಯಾಗಿ ಬೈಯುತ್ತಾಳೆ. ಹುಡುಗಿ ಅಳುವುದನ್ನು ಬಿಟ್ಟು ಬಸ್ಸಿಗೆ ಓಡುತ್ತಾಳೆ. ಅಷ್ಟೇ ಕಥೆ.

(ಹೌದು, ಹುಡುಗಿ ನಾನೇ. ನಿಮ್ಮ ಗುಮಾನಿ ಸರಿ.)

ಆ ಕೊನೆಯ ಬೈಗುಳ ಅಚ್ಚಿನಲ್ಲಿ ಹೀಗಿತ್ತು: "ಹೋಗಲೇ ....., ಬಸ್ ತಪ್ಪತೈತಿ!"

ಐದು ಚುಕ್ಕಿ. ಇಡೀ ಕಥೆಯಲ್ಲಿ ಇದ್ದದ್ದು ಅಷ್ಟೇ. ಆದರೆ ಆ ವಾರ ನನಗೆ ಫೋನು ಮಾಡಿದವರು, ಪತ್ರ ಬರೆದವರು, ಹಿಡಿದು ನಿಲ್ಲಿಸಿದವರು ಎಲ್ಲರೂ ಮಾತಾಡಿದ್ದು ಆ ಐದು ಚುಕ್ಕಿಯ ಬಗ್ಗೆಯೇ.

ಮೊದಲು ಸ್ಟಾಫ್‌ರೂಮ್. ಹಿರಿಯ ಸಹೋದ್ಯೋಗಿ ಸಾವಿತ್ರಿ ಟೀಚರ್ ಚಹಾ ಕುಡಿಯುತ್ತಾ ಕೇಳಿದರು: "ಏನ್ರಿ, ಏನೇನೋ ಬರದೀರಂತಲ್ಲ? ನಾ ಓದಿಲ್ಲ ಬಿಡ್ರಿ. ನಮ್ಮ ಮನಿಯವರು ಓದಿ ಹೇಳಿದ್ರು." ಒಳ್ಳೆಯದು. ಆದರೆ ಓದದವರಿಗೆ ಆ ಚುಕ್ಕಿಯ ಸಾಲು ಎರಡನೇ ಕಾಲಮ್ಮಿನ ಕೆಳಗೆ ಇದೆ ಎಂದು ಹೇಗೆ ಗೊತ್ತು? ಯಾರಿಗೋ ತೋರಿಸುವಾಗ ಅವರ ಬೆರಳು ನೇರ ಅಲ್ಲಿಗೇ ಹೋಯಿತು. ನಮ್ಮ ಶಾಲೆಯಲ್ಲಿ ಆ ಕಥೆಯನ್ನು ಸ್ವತಃ ಓದಿದವರು ಯಾರೂ ಇಲ್ಲ. ಎಲ್ಲರ ಮನೆಯವರೂ ಓದಿದ್ದಾರೆ.

ಬುಧವಾರ ಒಂದು ಪತ್ರ ಬಂತು. ಬರೆದವರು ಲಕ್ಷ್ಮೇಶ್ವರದಲ್ಲೇ ಇರುವ ನಿವೃತ್ತ ಹೆಡ್‌ಮಾಸ್ತರರು, ಮೂರು ಪುಟ, ಮುತ್ತಿನಂಥ ಅಕ್ಷರ. 'ಒಬ್ಬ ಶಿಕ್ಷಕಿಯಾಗಿ, ಅದರಲ್ಲೂ ಹೆಣ್ಣುಮಗಳಾಗಿ, ಐದಕ್ಷರದ ಆ ಶಬ್ದವನ್ನು ಸೂಚಿಸುವುದು ನಿಮಗೆ ಶೋಭೆಯೇ?' ಎಂದು ಕೇಳಿದ್ದರು. ನನಗೆ ನಗು ಬಂತು. ಐದಕ್ಷರದ ಯಾವ ಶಬ್ದ? ಅಲ್ಲಿ ಇದ್ದದ್ದು ಒಂದು ಪದವೇ ಅಲ್ಲ, ಒಂದು ಸಾಲು. ಚುಕ್ಕಿ ಐದಾಗಿದ್ದು ಕೀಬೋರ್ಡಿನ ಮೇಲೆ ಬೆರಳು ಅಷ್ಟು ಸಲ ಬಿದ್ದದ್ದಕ್ಕೆ. ಮಾಸ್ತರರು ಲೆಕ್ಕ ಹಾಕಿ, ತಾಳೆ ನೋಡಿ, ತಮ್ಮ ಭಂಡಾರದಿಂದಲೇ ಒಂದು ಶಬ್ದ ಆರಿಸಿ ಕೂರಿಸಿದ್ದಾರೆ. ನಂತರ ಅದಕ್ಕೆ ನನ್ನ ಮೇಲೆ ಸಿಟ್ಟಾಗಿದ್ದಾರೆ. ಆ ಶಬ್ದ ಯಾವುದೆಂದು ಬರೆದು ತಿಳಿಸಿ ಅಂತ ಉತ್ತರ ಹಾಕೋಣ ಅನ್ನಿಸಿತು. ಧೈರ್ಯ ಬರಲಿಲ್ಲ.

ಮುಂಡರಗಿಯಿಂದ ಒಬ್ಬ ಅಭಿಮಾನಿಯ ಫೋನು. "ಮೇಡಂ, ಭಾರಿ ಬೋಲ್ಡ್ ಅದೀರಿ ನೀವು! ಆದ್ರ ಚುಕ್ಕಿ ಯಾಕ ಇಟ್ರಿ? ಒರಿಜಿನಲ್ ವಾಟ್ಸಾಪ್ ಮಾಡ್ರಿ."

"ಮದುವಿ ಮುರದದ್ದು ಹೆಂಗ ಅನಸ್ತು?" ಅಂತ ಕೇಳಿದೆ.

"ಮದುವಿ? ಯಾರದ್ರಿ?"

ಬೈಯುವವರಿಗಿಂತ ಇಂಥ ಹೊಗಳುವವರನ್ನು ಕಂಡರೇ ನನಗೆ ಹೆಚ್ಚು ಅನುಮಾನ. ಇವರು ಕಥೆಯನ್ನು ಓದುವುದಿಲ್ಲ. ಸೋಸುತ್ತಾರೆ.

ಗುರುವಾರ ಡಂಬಳದಿಂದ ಒಬ್ಬ ಹೆಣ್ಣುಮಗಳು ಫೋನು ಮಾಡಿದಳು. ಹೆಸರು ಹೇಳಲಿಲ್ಲ. ಹಿಂದೆ ಎಮ್ಮೆ ಕೂಗುವುದು ಕೇಳುತ್ತಿತ್ತು. ಅವಳೂ ಅದನ್ನೇ ಕೇಳಿದಳು: "ಚುಕ್ಕಿ ಯಾಕ ಇಟ್ರೀ ಅಕ್ಕಾರ?" ಇವಳೂ ಶುರು ಮಾಡಿದಳಲ್ಲ ಅಂದುಕೊಂಡೆ. ಅವಳು ಮುಂದುವರಿಸಿದಳು: "ನಮ್ಮವ್ವ ಹಿಂಗ ಬೈತಿದ್ಲು. ಆಕಿ ಹ್ವಾದ ಮ್ಯಾಲೆ ನನಗ ಹಂಗ ಬೈಯಾವರು ಯಾರೂ ಇಲ್ರೀ. ಆ ಮಾತು ಅಲ್ಲಿ ಇದ್ದಿದ್ರ ಒಂದ ಸಲ ಕೇಳಿದಂಗ ಆಗ್ತಿತ್ತು."

ಆದರೂ ಎಲ್ಲರಿಗೂ ಕೊಟ್ಟ ಉತ್ತರವನ್ನೇ ಅವಳಿಗೂ ಕೊಟ್ಟೆ: "ಚುಕ್ಕಿ ನಾ ಇಟ್ಟದ್ದಲ್ಲವ್ವಾ. ಸಂಪಾದಕರು ಇಟ್ಟಾರ."

ಇತ್ತ ಶಾಂತವ್ವ ಮಂಗಳವಾರವೂ 'ಬರ್ರಿ', ಶುಕ್ರವಾರವೂ 'ಬರ್ರಿ'. ನಾನು ಇದ್ದುದರಲ್ಲಿ ಕೆಂಪಗಿನ ಸೀರೆ ಉಟ್ಟು ನೋಡಿದೆ. ಆಕೆ ತಲೆ ಎತ್ತಲೇ ಇಲ್ಲ. ಬೇಕೆಂದೇ ಚಪ್ಪಲಿ ಸದ್ದು ಮಾಡುತ್ತಾ ನಡೆದೆ. ಏನೂ ಇಲ್ಲ. ನನ್ನ ಸಂಶಯ ಈಗ ರೇಣುಕಾಳ ಮೇಲೆ ತಿರುಗಿತು. ಹೆಡ್‌ಮಾಸ್ತರರೇ ಆ ಚುಕ್ಕಿಯಲ್ಲಿ ಏನೋ ತುಂಬಿಸಿರುವಾಗ, ಇವಳೇನು ತುಂಬಿಸಿ ಓದಿದಳೋ? ಅತ್ತೆಯ ಮೇಲಿನ ಯಾವ ಹಳೆಯ ಸಿಟ್ಟನ್ನು ಅಲ್ಲಿ ಇಳಿಸಿದಳೋ?

ಶನಿವಾರ ನಳದ ಹತ್ತಿರ ರೇಣುಕಾಳನ್ನು ಹಿಡಿದೆ.

"ಖರೆ ಹೇಳು. ಆ ಚುಕ್ಕಿ ಇದ್ದಲ್ಲಿ ಏನಂತ ಓದಿದಿ?"

"ಅಯ್ಯ, ನಾ ಏನೂ ಸೇರ್ಸಿಲ್ರೀ ಅಕ್ಕಾರ! ಚುಕ್ಕಿ ಬಂದ್ವು, ನಿಂತ್ನಿ. ಯಾಕ ನಿಂತಿ ಅಂದ್ರು ಅತ್ತಿ. ಇಲ್ಲಿ ಚುಕ್ಕಿ ಅದಾವು ಅಂದ್ನಿ. ಯಾಕ ಅಂತ ಕೇಳಿದ್ರು. ಬರೀಬಾರದಂಥ ಮಾತು ಇದ್ರ ಹಂಗ ಚುಕ್ಕಿ ಇಡ್ತಾರ ಅಂದ್ನಿ. ಅಷ್ಟ ನೋಡ್ರಿ. ಆಮ್ಯಾಲೆ ಅವರು ಮುಂದ ಓದು ಅನ್ನಲೇ ಇಲ್ಲ."

ಕೊಡ ತುಂಬಿ ಹರಿಯುತ್ತಿತ್ತು. ನಾನು ನಳ ನಿಲ್ಲಿಸುವುದನ್ನೂ ಮರೆತೆ.

ಭಾನುವಾರ ಮಧ್ಯಾಹ್ನ ಕಟ್ಟೆಗೆ ಹೋದೆ. ಕೈಯಲ್ಲಿ ಆ ಪುರವಣಿ ಇತ್ತು. ಶಾಂತವ್ವ ಚಾಪೆ ಸರಿಸಿದಳು.

"ಬರ್ರಿ, ಕುಂಡ್ರಿ."

"ನನಗ ರೀ ಅನಬ್ಯಾಡಬೇ ಯಮ್ಮಾ."

"ಯಾಕ್ರಿ? ದೊಡ್ಡವರು ನೀವು. ಪೇಪರಿನ್ಯಾಗ ಬರೀತೀರಿ." ಕೈ ರಾಟಿಯ ಮೇಲೆ ಹಾಗೇ ತಿರುಗುತ್ತಿತ್ತು. "ನಿಮ್ಮ ಲಗ್ನ ಮುರದಾಗ ಓಣ್ಯಾಗ ಎಲ್ಲಾರೂ ಬಾಗಲಾ ಹಾಕ್ಕೊಂಡು ಕುಂತಿದ್ರು. ನಾ ಒಬ್ಬಾಕಿ ಓಣಿ ತುಂಬ ಕೇಳೂಹಂಗ ಅಂದ್ನಿ. ಅವತ್ತು ನನಗ ನಾಚಿಗಿ ಬರಲಿಲ್ಲ. ಅದನ್ನ ಬರೀವಾಗ ನಿಮಗ ಬಂತೇನ್ರಿ?"

"ನಾ ಅಲ್ಲ, ಸಂಪಾದಕರು..."

ರಾಟಿ ನಿಂತಿತು. ಹದಿನೆಂಟು ವರ್ಷದಲ್ಲಿ ಮಾತಿನ ನಡುವೆ ಆಕೆ ರಾಟಿ ನಿಲ್ಲಿಸಿದ್ದನ್ನು ನಾನು ನೋಡಿರಲಿಲ್ಲ. ಎಂಥ ಬೈಗುಳ ಬೈಯುವಾಗಲೂ ಎಳೆ ಕಡಿಯುತ್ತಿರಲಿಲ್ಲ.

"ಖರೆ ಹೇಳ್ರಿ. ಯಾರು ಇಟ್ರು?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಆ ವಾರವೆಲ್ಲ ಕಂಡವರ ಹೆಗಲು ತಡಕಾಡಿದವಳು ನಾನು. ಚುಕ್ಕಿ ಇಟ್ಟವಳೂ ನಾನೇ. ಸಂಪಾದಕರಿಗೆ ಏನೂ ಗೊತ್ತಿಲ್ಲ. ಮೊದಲ ಪ್ರತಿಯಲ್ಲಿ ಸಾಲು ಪೂರ್ತಿ ಇತ್ತು. ಕಳಿಸುವ ಮುಂಚೆ ಶಾಲೆ ನೆನಪಾಯಿತು, ಪಾಲಕರ ಸಭೆ ನೆನಪಾಯಿತು. ಅಳಿಸಿದೆ. ಐದು ಸಲ ಚುಕ್ಕಿ ಒತ್ತಿದೆ. (ಅದೇ ವಾರ ಹತ್ತನೇ ಕ್ಲಾಸಿಗೆ 'ಜನರ ಆಡುಮಾತಿನ ಸೊಗಸನ್ನು ವಿವರಿಸಿ' ಅಂತ ಪ್ರಶ್ನೆ ಕೊಟ್ಟಿದ್ದೆ. ನಾಲ್ಕು ಮಾರ್ಕು.)

"ನಾನ ಇಟ್ಟೆ ಯಮ್ಮಾ," ಅಂದೆ.

ಶಾಂತವ್ವನ ಮುಖದಲ್ಲಿ ಸಿಟ್ಟೇನೂ ಕಾಣಲಿಲ್ಲ. ಅದೇ ನನಗೆ ಕಷ್ಟವಾಯಿತು. "ಹಂಗಾರ ಈಗ ಓದ್ರಿ," ಅಂದಳು. "ಚುಕ್ಕಿ ತಗದು ನನ್ನ ಮಾತು ಹಾಕಿ ಓದ್ರಿ. ನಾ ಹೆಂಗ ಅಂದಿದ್ದೆ, ಹಂಗ. ಗಟ್ಯಾಗಿ."

ಓದಿದೆ. ಮದುವೆ ಮುರಿದದ್ದು ಓದಿದೆ. ಅರ್ಧ ಮುಚ್ಚಿದ ಬಾಗಿಲುಗಳನ್ನು ಓದಿದೆ. ದನಿ ಚೆನ್ನಾಗಿಯೇ ಇತ್ತು, ಪಾಠ ಮಾಡಿ ಪಳಗಿದ ದನಿ. ಸರಿಯಾಗಿ 'ಹೋಗಲೇ' ಅನ್ನುವಲ್ಲಿಗೆ ಬಂದಾಗ ಪಕ್ಕದ ಮನೆಯ ಬಾಡಿಗೆದಾರರು ಬೈಕು ಹೊರಗೆ ತೆಗೆದರು. ಅವರು ಶಿಕ್ಷಣ ಇಲಾಖೆಯ ಗುಮಾಸ್ತರು. "ನಮಸ್ಕಾರ ಟೀಚರ್" ಅಂದರು. ನಾನೂ ನಮಸ್ಕಾರ ಅಂದೆ. ಅವರಿಗೆ ಕಿಕ್ ಹೊಡೆಯಲು ಅವಸರವೇ ಇರಲಿಲ್ಲ.

ಆ ಸಾಲನ್ನು ನಾನು ಅಂದೆ. ಅಂದದ್ದು ಖರೆ. ಆದರೆ ತುಟಿಯಷ್ಟೇ ಅಲುಗಿತು.

"ಕೇಳಲಿಲ್ರೀ," ಅಂದಳು ಶಾಂತವ್ವ. ಎಳೆ ಹಿಡಿದು ಮತ್ತೆ ರಾಟಿ ತಿರುಗಿಸತೊಡಗಿದಳು. ಆಕೆ ರೇಣುಕಾಳನ್ನು ಕರೆದು ನನಗೆ ಚಹಾ ಕೊಡಿಸಿದಳು, ಕಪ್ಪು-ಬಸಿಯಲ್ಲಿ. ಇಷ್ಟು ವರ್ಷ ನಾನು ಆ ಮನೆಯಲ್ಲಿ ಚಹಾ ಕುಡಿದದ್ದು ಅವರೆಲ್ಲ ಕುಡಿಯುವ ಸ್ಟೀಲ್ ಲೋಟದಲ್ಲಿ. ಆ ಕಪ್ಪು-ಬಸಿ ಬೀಗರು ಬಂದಾಗ ಹೊರಗೆ ಬರುವಂಥದ್ದು.

ಆಮೇಲಿನ ವಾರವೂ 'ಬರ್ರಿ' ನಿಂತಿಲ್ಲ. ನಿನ್ನೆಯೂ ಅದೇ ಆಯಿತು. ಹಾಗಾಗಿ ಈ ವಾರದ ಅಂಕಣ.

ಸಂಪಾದಕರೇ, ನಿಮ್ಮ ಹೆಸರು ಕೆಡಿಸಿದ್ದಕ್ಕೆ ಕ್ಷಮಿಸಿ. ಡಂಬಳದ ತಂಗೀ, ನಿನಗೆ ಸುಳ್ಳು ಹೇಳಿದ್ದೆ, ಅದು ನನ್ನನ್ನು ಎಲ್ಲಕ್ಕಿಂತ ಹೆಚ್ಚು ಚುಚ್ಚುತ್ತಿದೆ.

ಉಳಿದ ಓದುಗರೇ, ಒಂದು ಮಾತು ಕೇಳುತ್ತೇನೆ, ಬೇಸರ ಬೇಡ. ಇಷ್ಟು ಹೊತ್ತು ನೀವೂ ಆ ಸಾಲಿಗಾಗಿ ಹುಡುಕುತ್ತಾ ಬಂದಿರಿ, ಹೌದಲ್ಲ? (ಕೆಲವರು ಮೊದಲೇ ಕೊನೆಗೆ ಹಾರಿ, ನೋಡಿಕೊಂಡು, ಮತ್ತೆ ಮೇಲೆ ಹೋಗಿ ಓದುತ್ತಿದ್ದೀರಿ ಎಂಬ ಗುಮಾನಿ ನನಗಿದೆ.) ತಗೊಳ್ಳಿ. ಹೆಡ್‌ಮಾಸ್ತರರು ಅಕ್ಷರ ಎಣಿಸಿಕೊಳ್ಳಲಿ. ಗುಮಾಸ್ತರು ಬೈಕು ನಿಲ್ಲಿಸಿ ಓದಲಿ. ನನ್ನ ಲಗ್ನ ಮುರಿದ ಮರುದಿನ, ಇಡೀ ಓಣಿ ಬಾಗಿಲು ಹಾಕಿಕೊಂಡಿದ್ದಾಗ, ಕಟ್ಟೆಯ ಮೇಲಿಂದ ಶಾಂತವ್ವ ಕೂಗಿ ಹೇಳಿದ್ದು ಇದು:

"ಹೋಗಲೇ ರಂಡಿ, ನಿನ್ನ ಮುಕಳಿಗೆ ಉರಿ ಹತ್ತಲಿ, ಬಸ್ ತಪ್ಪತೈತಿ!"

ಭಾನುವಾರ ಪೇಪರ್ ಬಂದ ಕೂಡಲೇ ರೇಣುಕಾಳ ಕೈಗೆ ಕೊಡುತ್ತೇನೆ. ಓದಿ ಹೇಳಲಿ, ಗಟ್ಟಿಯಾಗಿ. ಮರುದಿನ ಸೋಮವಾರ ಏಳೂಕಾಲಿಗೆ ಹೊಸ ಸೀರೆ ಉಟ್ಟುಕೊಂಡು ಆ ಕಟ್ಟೆಯ ಮುಂದೆ ಹಾಯುತ್ತೇನೆ. ಬೈತಾಳೋ, ಇಲ್ಲ 'ರೀ' ಅಂತಾಳೋ?